ಬೆನ್ನು ತಿರುಗಿಸಿ ನಿಂತ ಹುಡುಗಿಯರು

ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು, ಆಟದ ಸಾಮಾನಿನ ಕೋಣೆಯ ಬೀಗದ ಕೈ ಕೊಡಲು ಹೋದಾಗ, ನನ್ನ ಜಾಗಕ್ಕೆ ಬಂದಿದ್ದ ಯುವಕ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. ಹುಡುಗಿಯರ ಟೀಮನ್ನು ಹೇಗೆ ನಿಭಾಯಿಸುವುದು ಸಾರ್, ಅವರ 'ಆ ಪ್ರಾಬ್ಲಮ್' ಎಲ್ಲ ಬರುತ್ತಲ್ಲ ಎಂದು ಕೇಳಿದ. ಹೊರಗೆ ಮಕ್ಕಳು ಫೋಟೋಗೆ ಕಾಯುತ್ತಿದ್ದರು. ಆಮೇಲೆ ಹೇಳ್ತೀನಿ ಅಂದುಬಿಟ್ಟೆ. ಆ ಮಾತಿಗೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ. ಪೀಟಿ ಮಾಸ್ತರ ಕೆಲಸಕ್ಕೆ ಹೊಸದಾಗಿ ಬರುವ ಯಾರು ಬೇಕಾದರೂ ಓದಿಕೊಳ್ಳಬಹುದು.

ಗೆದ್ದ ಕಪ್ಪುಗಳ ವಿಷಯ ಬರೆಯುವುದಿಲ್ಲ. ಅವೆಲ್ಲ ಮುಖ್ಯೋಪಾಧ್ಯಾಯರ ಕೋಣೆಯ ಬೀರುವಿನ ಮೇಲಿವೆ, ಧೂಳು ಒರೆಸಿದರೆ ಹೆಸರುಗಳನ್ನು ಓದಬಹುದು. ನಾನು ಹೇಳಬೇಕಾದದ್ದು ತರಬೇತಿ ಕಾಲೇಜಿನಲ್ಲಿ ನಮಗೆ ಯಾರೂ ಹೇಳಿಕೊಡದ ಸಂಗತಿ. ಅಲ್ಲಿ ಅಂಕಣದ ಅಳತೆ ಕಲಿಸಿದರು, ಉಳುಕಿದ ಕಾಲಿಗೆ ಪಟ್ಟಿ ಕಟ್ಟುವುದು ಕಲಿಸಿದರು, ಹಾವು ಕಚ್ಚಿದರೆ ಏನು ಮಾಡಬೇಕೆಂದೂ ಕಲಿಸಿದರು. ಇಡೀ ಸರ್ವಿಸಿನಲ್ಲಿ ಒಂದು ಮಗುವಿಗೂ ಹಾವು ಕಚ್ಚಲಿಲ್ಲ. ಆದರೆ ಹೈಸ್ಕೂಲಿನ ಹುಡುಗಿಯರಲ್ಲಿ ಯಾರಾದರೊಬ್ಬರು ಮುಟ್ಟಾಗಿರದ ದಿನ ಒಂದೂ ಇರಲಿಲ್ಲ. ಅದರ ಬಗ್ಗೆ ಒಂದು ಸಾಲು ಪಾಠವಿರಲಿಲ್ಲ.

ನಾನು ಹೆಸರಘಟ್ಟದ ಕಡೆಯವನು. ನಮ್ಮ ಮನೆಯಲ್ಲಿ ಅಕ್ಕಂದಿರು ತಿಂಗಳಿಗೊಮ್ಮೆ ಹಿತ್ತಲ ಜಗಲಿಯಲ್ಲಿ ಕೂರುತ್ತಿದ್ದರು. ಯಾಕಮ್ಮ ಅಂದರೆ ಕಾಗೆ ಮುಟ್ಟಿದೆ ಅನ್ನುತ್ತಿದ್ದರು. ನಾನು ಚಿಕ್ಕವನು, ತೆಂಗಿನ ಮರದ ತುದಿಯಲ್ಲಿ ಆ ಕಾಗೆ ಎಲ್ಲಿದೆ ಎಂದು ಹುಡುಕುತ್ತಿದ್ದೆ. ಕಲ್ಲು ಹೊಡೆದು ಓಡಿಸಿದರೆ ಅಕ್ಕ ಒಳಗೆ ಬರಬಹುದು ಅನ್ನೋದು ನನ್ನ ಲೆಕ್ಕ. ಬೆಳೆದಂತೆ ಕಾಗೆ ಇಲ್ಲವೆಂದು ಗೊತ್ತಾಯಿತು. ಏನಿದೆ ಅನ್ನುವುದನ್ನು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಷ್ಟು ತಿಳುವಳಿಕೆಯಲ್ಲೇ ಕೊರಳಿಗೆ ಸೀಟಿ ಹಾಕಿಕೊಂಡು ಮಾಸ್ತರನಾದೆ.

ಮೊದಲ ಶಾಲೆಯಲ್ಲಿ ನನ್ನ ಹೆಡ್ ಮಾಸ್ತರರು ಹಸಿದ ಮಕ್ಕಳಿಗೆ ತಮ್ಮ ಡಬ್ಬಿಯನ್ನೇ ಬಿಚ್ಚಿ ಕೊಡುತ್ತಿದ್ದ ಮನುಷ್ಯ. ಅಂಥವರು ನನ್ನನ್ನು ಮೊದಲ ವಾರವೇ ಕರೆದು, ಎಂಟನೇ ಕ್ಲಾಸ್ ದಾಟಿದ ಹುಡುಗಿಯರನ್ನು ಗ್ರೌಂಡಿಗೆ ಕರೆಯಬೇಡಿ, ನಮಗ್ಯಾಕೆ ರಗಳೆ ಎಂದರು. ಅದನ್ನವರು ಸಿಟ್ಟಿನಿಂದ ಹೇಳಲಿಲ್ಲ, ನನಗೆ ಉಪಕಾರ ಮಾಡುವಂತೆ ಹೇಳಿದರು. ಕರೆದರೂ ಬರುತ್ತಿದ್ದವರು ಕಡಿಮೆ. 'ಹೊಟ್ಟೆನೋವು ಸಾರ್' ಅನ್ನುವ ಮಾತು ನೋವಿದ್ದವಳ ಬಾಯಿಂದ ಬರುತ್ತಿರಲಿಲ್ಲ, ಅವಳ ಗೆಳತಿ ಬಂದು ನೆಲ ನೋಡಿಕೊಂಡು ಹೇಳುತ್ತಿದ್ದಳು. ನಾನೂ ಬೇರೆಲ್ಲೋ ನೋಡಿಕೊಂಡು ತಲೆಯಾಡಿಸುತ್ತಿದ್ದೆ. ಆರು, ಏಳನೇ ತರಗತಿಯಲ್ಲಿ ಜಿಂಕೆಯ ಹಾಗೆ ಓಡುತ್ತಿದ್ದ ಮಕ್ಕಳು ಒಂದು ಸೋಮವಾರ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದರು. ಹೈಸ್ಕೂಲು ಮುಗಿಯುವವರೆಗೂ ಅಲ್ಲಿಂದ ಏಳುತ್ತಿರಲಿಲ್ಲ. ಈ ಕೆಲಸ ಇರುವುದೇ ಹೀಗೆ ಎಂದು ನಾನು ನಂಬಿದ್ದೆ.

ಆ ನಂಬಿಕೆ ಹೋಗಿದ್ದು ಅಟ್ಟೂರಿನ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ವರ್ಗವಾಗಿ ಬಂದ ಮೇಲೆ. ಸುತ್ತ ಲೇಔಟುಗಳು ಏಳುತ್ತಿದ್ದವು. ಹಳೇ ಊರಿನ ಮನೆಗಳ ಮಕ್ಕಳ ಜೊತೆಗೆ, ಆ ಕಟ್ಟಡಗಳನ್ನು ಕಟ್ಟಲು ಉತ್ತರ ಕರ್ನಾಟಕದಿಂದ ಬಂದವರ ಮಕ್ಕಳೂ ನಮ್ಮಲ್ಲಿ ಸೇರುತ್ತಿದ್ದರು. ಅಂಥವರಲ್ಲಿ ಒಬ್ಬಳು ರೇಣುಕಾ. ಯಾದಗಿರಿ ಕಡೆಯ ಹುಡುಗಿ, ಅಪ್ಪ ಅಮ್ಮ ಇಬ್ಬರೂ ಗಾರೆ ಕೆಲಸ, ಮನೆ ಅಂದರೆ ಕಟ್ಟಡದ ಪಕ್ಕದ ತಗಡಿನ ಶೆಡ್ಡು. ಒಂಬತ್ತನೇ ತರಗತಿ. ಖೋಖೋದಲ್ಲಿ ಅವಳಂಥ ಕಣ್ಣು ನಾನು ನೋಡಿರಲಿಲ್ಲ. ಎದುರಾಳಿ ಯಾವ ಕಡೆ ತಿರುಗುತ್ತಾಳೆ ಅನ್ನುವುದು ತಿರುಗುವವಳಿಗಿಂತ ಮೊದಲು ಇವಳಿಗೆ ತಿಳಿಯುತ್ತಿತ್ತು.

ಒಂದು ಬೆಳಿಗ್ಗೆ ಅಭ್ಯಾಸಕ್ಕೆ ಸಾಲು ಹಚ್ಚುತ್ತಿದ್ದೆ. ರೇಣುಕಾ ನೇರ ನನ್ನ ಮುಂದೆ ಬಂದು ನಿಂತಳು. ಗೆಳತಿ ಗಿಳತಿ ಯಾರೂ ಜೊತೆಗಿಲ್ಲ.

"ಸರ, ನಾ ಮುಟ್ಟಾಗೀನ್ರಿ. ಆಡ್ತೀನಿ. ಆದ್ರ ಇವತ್ತ ಓಡಾಕ ಬಿಡಬ್ಯಾಡ್ರಿ, ಸಾಲಿನಾಗ ಕುಂದರಸ್ರಿ."

ಉಳುಕಿದ ಕಾಲಿನ ವಿಷಯ ಹೇಳುವ ಹಾಗೆ ಹೇಳಿದಳು. ಕಣ್ಣು ಕೆಳಗೆ ಮಾಡಲಿಲ್ಲ, ದನಿ ಇಳಿಸಲಿಲ್ಲ. ಅಷ್ಟು ವರ್ಷದ ನೌಕರಿಯಲ್ಲಿ ಒಬ್ಬ ಹುಡುಗಿ ಆ ಪದವನ್ನು ನನ್ನ ಮುಖ ನೋಡಿ ಹೇಳಿದ್ದು ಅದೇ ಮೊದಲು. ನನ್ನ ಕೊರಳಿನ ಸೀಟಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತೆ. ಬಾಯಿಂದ ಬಂದದ್ದು 'ಆಯ್ತಮ್ಮ' ಎಂಬ ಒಂದೇ ಮಾತು. ಅವಳು ಹೋಗಿ ಸಾಲಿನ ಕೊನೆಯಲ್ಲಿ ಕೂತು, ಅವತ್ತಿನ ಆಟವನ್ನೆಲ್ಲ ಕೂತಲ್ಲಿಂದಲೇ ಕೂಗಿ ಕೂಗಿ ನಡೆಸಿದಳು. ಸಂಜೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ನನಗೆ ಅದೇ ಯೋಚನೆ. ಹಿಡಿಯಷ್ಟು ಹುಡುಗಿ, ತಗಡಿನ ಶೆಡ್ಡಿನಿಂದ ಬಂದವಳು, ನಾನೂ ನನ್ನ ಹೆಡ್ ಮಾಸ್ತರರೂ ನಮ್ಮ ಮನೆಯವರೂ ಸುತ್ತಿ ಬಳಸಿ ದಾಟಿಕೊಂಡು ಬಂದ ಮಾತನ್ನು ನೇರವಾಗಿ ಹೇಳಿಬಿಟ್ಟಿದ್ದಳು. ಹೇಳಿದ ಮೇಲೆ ಏನೂ ಕುಸಿದು ಬೀಳಲಿಲ್ಲ. ಆಟ ನಡೆಯಿತು.

ಇದರಿಂದ ನನಗೆ ಬಂದ ಹುರುಪು ಸ್ವಲ್ಪ ಹೆಚ್ಚಾಯಿತು. ಮುಂದಿನ ವಾರ ಪೀಟಿ ಪಿರಿಯಡ್ಡಿನಲ್ಲಿ ಗಂಡು ಹೆಣ್ಣು ಎಲ್ಲರನ್ನೂ ಕೂರಿಸಿ ಭಾಷಣ ಬಿಗಿದೆ. ಋತುಚಕ್ರ, ನಿಸರ್ಗದ ಕ್ರಿಯೆ, ಕೀಳರಿಮೆ ಬೇಡ, ಹೀಗೆ ಪುಸ್ತಕದ ಮಾತುಗಳನ್ನೆಲ್ಲ ಗಟ್ಟಿಯಾಗಿ ಹೇಳಿದೆ. ಹುಡುಗರು ಒಬ್ಬರನ್ನೊಬ್ಬರು ತಿವಿದುಕೊಂಡರು. ಹುಡುಗಿಯರ ತಲೆಗಳು ಒಂದೊಂದಾಗಿ ಮೊಣಕಾಲಿನ ನಡುವೆ ಹೋದವು. ಮಾರನೇ ದಿನ ಗ್ರೌಂಡಿಗೆ ಬಂದ ಹುಡುಗಿ ರೇಣುಕಾ ಒಬ್ಬಳೇ.

"ಸರ, ನೀವು ಭಾಷಣ ಮಾಡಬ್ಯಾಡ್ರಿ," ಅಂದಳು. "ಸಂಡಾಸಕ್ಕ ಒಂದ ಚಿಲಕ ಹಾಕಸ್ರಿ."

ಹೋಗಿ ನೋಡಿದೆ. ಹುಡುಗಿಯರ ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕವಿರಲಿಲ್ಲ. ಒಬ್ಬಳು ಒಳಗಿದ್ದರೆ ಇನ್ನೊಬ್ಬಳು ಹೊರಗಿನಿಂದ ಬಾಗಿಲು ಹಿಡಿದು ನಿಲ್ಲಬೇಕು. ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ. ಬಳಸಿದ್ದನ್ನು ಹಾಕಲು ಡಬ್ಬಿಯಿರಲಿಲ್ಲ. ಕಾಗದದಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟುಕೊಂಡು, ಪುಸ್ತಕದ ಜೊತೆಗೆ ಸಂಜೆ ಮನೆಗೆ ಒಯ್ಯುತ್ತಿದ್ದರಂತೆ. ಅಟ್ಟೂರಿನ ಹಾರ್ಡ್‌ವೇರ್ ಅಂಗಡಿಯಿಂದ ಚಿಲಕ ತಂದು ನಾನೇ ಮೊಳೆ ಹೊಡೆಯುತ್ತಿರುವಾಗ ನಮ್ಮ ಮುಖ್ಯೋಪಾಧ್ಯಾಯಿನಿ ಶಾರದಾ ಮೇಡಂ ಬಂದರು. ಮಾತು ಕಡಿಮೆ, ಮುಖ ಗಂಟು, ಮಕ್ಕಳು ಮೇಷ್ಟ್ರುಗಳು ಎಲ್ಲರೂ ಹೆದರುತ್ತಿದ್ದರು. ನಾನು ನಡೆದದ್ದನ್ನೆಲ್ಲ ಹೇಳಿದೆ, ಭಾಷಣದ ಪ್ರಕರಣವನ್ನೂ ಸೇರಿಸಿ. ಅವರು ಸಂಜೆಯೊಳಗೆ ಪ್ಲಂಬರನ್ನು ಕರೆಸಿದರು, ಮುಚ್ಚಳದ ಬಕೆಟ್ ತರಿಸಿದರು, ಪ್ಯಾಡುಗಳ ಪೆಟ್ಟಿಗೆಯನ್ನು ತಮ್ಮ ಕೋಣೆಯ ಬೀರುವಿನಿಂದ ತೆಗೆದು ಶೌಚಾಲಯದ ಗೂಡಿನಲ್ಲೇ ಇಡಿಸಿದರು, ಯಾರನ್ನೂ ಕೇಳದೆ ತೆಗೆದುಕೊಳ್ಳಲಿ ಅಂತ. ಆಮೇಲೆ ನನಗೊಂದು ಮಾತು ಹೇಳಿದರು. "ಇನ್ ಮುಂದೆ ಏನೇ ಮಾಡೋದಿದ್ರೂ ಮೊದಲು ಹುಡುಗೀರನ್ನ ಕೇಳಿ. ಆಮೇಲೆ ನನ್ನ ಕೇಳಿ." ನನ್ನ ಮೇಲಧಿಕಾರಿಗಳ ಬಾಯಿಂದ ಕೇಳಿದ ಸಾವಿರಾರು ಸೂಚನೆಗಳಲ್ಲಿ ಕೊನೆಯ ದಿನದವರೆಗೂ ಬಿಡದೆ ಪಾಲಿಸಿದ್ದು ಇದೊಂದೇ.

ಕೇಳುತ್ತ ಹೋದಂತೆ ನನ್ನ ವಿಧಾನಗಳೂ ಬದಲಾದವು. ಬಿಳಿ ಚಡ್ಡಿ ತೆಗೆದು ಕಪ್ಪು ಮಾಡಿಸಿದೆವು. ಆ ದಿನಗಳಲ್ಲಿ ಆಡಬೇಕು ಎಂದು ಬಲವಂತವಿಲ್ಲ, ಆಡಬಾರದು ಎಂದೂ ಇಲ್ಲ, ಅವಳೇ ಹೇಳಲಿ. ಒಬ್ಬಳಿಗೆ ಓಡಿದರೆ ನೋವು ಕಡಿಮೆ ಅನ್ನಿಸುತ್ತದೆ, ಇನ್ನೊಬ್ಬಳಿಗೆ ನಿಲ್ಲಲೂ ಆಗುವುದಿಲ್ಲ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ತಿಂಗಳು ತಿಂಗಳೂ ರಕ್ತ ತೀರಾ ಹೆಚ್ಚು ಹೋಗುತ್ತಿದ್ದ ಒಬ್ಬಳನ್ನು ಶಾರದಾ ಮೇಡಂ ತಾವೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮೈಯಲ್ಲಿ ರಕ್ತ ಕಡಿಮೆಯಿದೆ ಎಂದು ಡಾಕ್ಟರು ಮಾತ್ರೆ ಕೊಟ್ಟರು. ಅದುವರೆಗೆ ನಾನು ಆ ಮಗುವನ್ನು ಸೋಮಾರಿ ಪಟ್ಟಿಗೆ ಸೇರಿಸಿದ್ದೆ.

ಇಷ್ಟೆಲ್ಲ ಆಗಿ, ಟೀಮು ಒಂದು ಹದಕ್ಕೆ ಬಂದಿದ್ದಾಗ ಹೇಮಾವತಿಯ ವಿಷಯ ಬಂತು.

ಹೇಮಾ ಎಂಟನೇ ತರಗತಿ. ಹಳೇ ಊರಿನ ಒಕ್ಕಲು ಮನೆತನ. ಅವರ ರಾಗಿ ಹೊಲ ಇದ್ದಲ್ಲಿ ಈಗ ಬಾಡಿಗೆ ಮನೆಗಳ ಸಾಲು. ಅಪ್ಪ ಕೃಷ್ಣಪ್ಪ ಬಿಲ್ಡರು. ಹುಡುಗಿ ಬೆಂಕಿ. ಬೆನ್ನಟ್ಟುವುದಕ್ಕೆ ಹೇಮಾ, ಆಟ ಓದುವುದಕ್ಕೆ ರೇಣುಕಾ, ಇಬ್ಬರೂ ಸೇರಿದರೆ ಎದುರಿನವರು ಕೈ ಚೆಲ್ಲುತ್ತಿದ್ದರು. ಆ ಹೇಮಾ ಹಲವು ದಿನ ಶಾಲೆಗೆ ಬರಲಿಲ್ಲ. ಆಮೇಲೆ ಕೃಷ್ಣಪ್ಪ ಒಂದು ಕಾರ್ಡು ಹಿಡಿದು ಶಾಲೆಗೇ ಬಂದ. ಮಗಳು ದೊಡ್ಡವಳಾಗಿದ್ದಾಳೆ, ಆರತಿ ಶಾಸ್ತ್ರ, ಎಲ್ಲ ಟೀಚರ್ಸೂ ಬರಬೇಕು. ಸರ್ಕಲಿನಲ್ಲಿ ಫ್ಲೆಕ್ಸ್ ಎದ್ದಿತು. ರೇಷ್ಮೆ ಸೀರೆ, ಮೊಗ್ಗಿನ ಜಡೆ, ಹೇಮಾಳ ಆಳೆತ್ತರದ ಫೋಟೋ, ಕೆಳಗೆ ಸೋದರಮಾವಂದಿರ ಮುಖಗಳು. ನಾವು ಹೋದೆವು. ಮನೆಯ ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ತೆಂಗಿನ ಗರಿಯ ಹಸಿರು ಗುಡ್ಲು ಕಟ್ಟಿದ್ದರು, ಅವಳು ಅಷ್ಟೂ ದಿನ ಮಲಗಿದ್ದು ಅದರಲ್ಲೇ. ಚಿಗಳಿ ತಂಬಿಟ್ಟಿನ ತಟ್ಟೆಗಳ ಮಧ್ಯೆ ಕುರ್ಚಿಯಲ್ಲಿ ಕೂತಿದ್ದ ಮಗು ನನ್ನನ್ನು ನೋಡಿ ನಕ್ಕಿತು. ಅಕ್ಷತೆ ಹಾಕಿ, ಊಟ ಮಾಡಿ ಬಂದೆ.

ಶಾಲೆಗೆ ಮರಳಿದ ದಿನ ಹುಡುಗರು ಅವಳಿಗೆ 'ಫ್ಲೆಕ್ಸ್' ಎಂದು ಹೆಸರಿಟ್ಟರು. ಕಾರಿಡಾರಿನಲ್ಲಿ ಒಬ್ಬ ಹಾಗೆ ಕೂಗಿದ್ದು ನನ್ನ ಕಿವಿಗೂ ಬಿತ್ತು. ನಾನು ಗದರಿಸಲು ಎರಡು ಹೆಜ್ಜೆ ಹಾಕುವಷ್ಟರಲ್ಲಿ ಹೇಮಾ ನಿಂತು ತಿರುಗಿದಳು. "ಹೂಂ ಕಣೋ, ನಂದು ಫ್ಲೆಕ್ಸ್ ಹಾಕಿದ್ರು. ನಿಂದು ಹಾಕೋಕೆ ನೀನೇನ್ ಮಾಡಿದ್ದೀಯ?" ಎಂದಳು. ಆ ಅಡ್ಡಹೆಸರು ಎರಡು ದಿನ ಬಾಳಲಿಲ್ಲ.

ಆದರೆ ಸಂಜೆ ಅವಳು ಸಾಮಾನಿನ ಕೋಣೆಗೆ ಬಂದು ತನ್ನ ಕಪ್ಪು ಚಡ್ಡಿಯನ್ನು ಮಡಿಸಿ ಮೇಜಿನ ಮೇಲಿಟ್ಟಳು. ಅಪ್ಪ ಇನ್ನು ಆಡಬೇಡ ಅಂದಿದ್ದಾನೆ. ತಿಂಗಳ ದಿನಗಳಲ್ಲಿ ಅಡುಗೆಮನೆಗೆ ಹೋಗುವಂತಿಲ್ಲ, ದೇವರ ಕೋಣೆಯ ಕಡೆ ನೋಡುವಂತಿಲ್ಲ, ಮೂಲೆಯ ರೂಮಿನಲ್ಲಿ ಚಾಪೆ ಎಂದು ಹೇಳಿದಳು. ಅದನ್ನೆಲ್ಲ ಸಹಿಸುತ್ತೀನಿ ಸಾರ್, ಆಟ ಬಿಡೋಕಾಗಲ್ಲ ಎಂದಾಗ ಮೊದಲ ಬಾರಿಗೆ ಅವಳ ಕಣ್ಣು ತುಂಬಿತು. ಊರಿಗೆಲ್ಲ ಸಾರಿ ಊಟ ಹಾಕಿದ ವಿಷಯವನ್ನು ಮರುವಾರವೇ ಮುಚ್ಚಿಡಬೇಕಾಗಿ ಬಂದದ್ದು ನನಗೂ ಅರ್ಥವಾಗಲಿಲ್ಲ.

ಕೃಷ್ಣಪ್ಪನ ಮನೆಗೆ ಹೋದೆ. ಅವನು ನನ್ನನ್ನು ಸೋಫಾದಲ್ಲಿ ಕೂರಿಸಿ ಕಾಫಿ ತರಿಸಿದ. ನಾನು ಹೇಮಾಳ ಓಟದ ಬಗ್ಗೆ, ಮುಂದಿನ ಪಂದ್ಯಗಳ ಬಗ್ಗೆ ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿದ. ಮಗಳ ಆಟದ ಬಗ್ಗೆ ಅವನಿಗೂ ಹೆಮ್ಮೆಯಿತ್ತು. ಕೊನೆಗೆ ಲೋಟ ಕೆಳಗಿಟ್ಟು ಒಂದು ಪ್ರಶ್ನೆ ಕೇಳಿದ.

"ಎಣ್ಣುಮಗ ಸಾರ್. ಗ್ರೌಂಡಾಗೆ ಅಷ್ಟು ಜನದ್ ಮುಂದೆ ಏನಾರ ಎಚ್ಚುಕಮ್ಮಿ ಆಗೋದ್ರೆ ಯಾರ್ ನೋಡ್ಕೋತಾರೆ? ನೀವಾ? ನೀವು ಗಂಡಸ್ರು. ಏನ್ ಮಾಡ್ತೀರ ಏಳಿ ನೋಡಾನ."

ಅವನು ಮಗಳನ್ನು ಕಟ್ಟಿಹಾಕಲು ಕೇಳಿದ್ದಲ್ಲ, ಹೆದರಿ ಕೇಳಿದ್ದು. ಜನ ನಗುತ್ತಾರೆ, ಮಗು ಕುಗ್ಗುತ್ತದೆ, ಆಗ ಅವಳ ಪಕ್ಕ ಯಾರೂ ಇರುವುದಿಲ್ಲ ಎಂಬ ಹೆದರಿಕೆ. ಯೋಚಿಸಿ ಬರ್ತೀನಿ ಅಂದು ಎದ್ದು ಬಂದೆ.

ಮೇಡಂ ಹೇಳಿದ ಮಾತಿನಂತೆ ಮಾರನೇ ದಿನ ಆ ಪ್ರಶ್ನೆಯನ್ನು ಹಾಗೆಯೇ ಹುಡುಗಿಯರ ಮುಂದಿಟ್ಟೆ. ಸ್ವಲ್ಪ ಹೊತ್ತು ಗುಸುಗುಸು ನಡೆಯಿತು. ಆಮೇಲೆ ರೇಣುಕಾ ಎದ್ದಳು. "ನೀವೇನೂ ಮಾಡೂದು ಬ್ಯಾಡ್ರಿ ಸರ. ನಾವದೀವಲ್ಲ."

ಅವರು ಮಾಡಿದ ಏರ್ಪಾಟು ಹೀಗಿತ್ತು. ಒಂದು ಚೀಲ, ಅದರಲ್ಲಿ ಪ್ಯಾಡು, ಎರಡು ಕಪ್ಪು ಚಡ್ಡಿ, ನೀರಿನ ಬಾಟಲಿ, ಒಂದು ದೊಡ್ಡ ದುಪ್ಪಟ್ಟಾ. ಪಂದ್ಯಕ್ಕೆ ಹೋದಲ್ಲೆಲ್ಲ ಆ ಚೀಲ ಬರಬೇಕು. ಆಟದ ಮಧ್ಯೆ ಯಾರಿಗೇ ಏನೇ ಆದರೂ ನಾಯಕಿ ರೇಣುಕಾಳ ಹೆಸರು ಕೂಗಿದ ಕೂಡಲೆ ಎಲ್ಲರೂ ಎದ್ದು ಆ ಹುಡುಗಿಯ ಸುತ್ತ ವೃತ್ತ ಕಟ್ಟಿ ನಿಲ್ಲಬೇಕು. ಅದನ್ನು ಅವರು ಕವಾಯತಿನ ಹಾಗೆ ಅಭ್ಯಾಸ ಮಾಡಿದರು. ಮೊದಮೊದಲು ನಕ್ಕು ಬಿದ್ದು ಹೊರಳಾಡಿದರು. ನಾನು ದೂರ ನಿಂತು ನೋಡುತ್ತಿದ್ದೆ. ಎಲ್ಲರೂ ಒಳಮುಖವಾಗಿ ನಿಂತಿದ್ದರು. ರೇಣುಕಾ ಅದನ್ನು ನಿಲ್ಲಿಸಿದಳು. ಎಲ್ಲರೂ ಒಳಗೆ ನೋಡಿಕೊಂಡು ನಿಂತರೆ ನಡುವೆ ಇರುವವಳಿಗೆ ಇನ್ನಷ್ಟು ನಾಚಿಕೆ, ಹೊರಗೆ ನೋಡಿಕೊಂಡು ನಿಲ್ಲಬೇಕು, ಅವಳಿಗೆ ನಮ್ಮ ಬೆನ್ನು ಮಾತ್ರ ಕಾಣಬೇಕು ಎಂದಳು. ಹದಿನಾಲ್ಕರ ಹುಡುಗಿಗೆ ಇದು ಹೇಗೆ ಹೊಳೆಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಕಲಿಸಿದ ಯಾವ ಕವಾಯತಿನಲ್ಲೂ ಅಷ್ಟು ಯೋಚನೆ ಇರಲಿಲ್ಲ.

ಶನಿವಾರ ಇಡೀ ಟೀಮು ಕೃಷ್ಣಪ್ಪನ ಮನೆಗೆ ಹೋಗಿ, ಅದೇ ಕಾರಿನ ಜಾಗದಲ್ಲಿ ಆ ವೃತ್ತವನ್ನು ಅವನಿಗೆ ಮಾಡಿ ತೋರಿಸಿತು. ಹೇಮಾಳ ಅಜ್ಜಿ ಬಾಗಿಲಲ್ಲಿ ನಿಂತು, ಇವು ಮಾನಗೆಟ್ಟ ಹುಡುಗೀರು ಎಂದು ಗೊಣಗಿ ಒಳಗೆ ಹೋದಳು. ಕೃಷ್ಣಪ್ಪ ಇನ್ನೊಮ್ಮೆ ಮಾಡಿ ತೋರಿಸಲು ಹೇಳಿದ. ಆಮೇಲೆ ಷರತ್ತಿನ ಮೇಲೆ ಒಪ್ಪಿದ. ಪ್ರತಿ ಪಂದ್ಯಕ್ಕೂ ತಾನು ಬರುತ್ತೇನೆ, ಏನಾದರೂ ಆದರೆ ಮಗಳನ್ನು ಕಾರಿನಲ್ಲಿ ಕರೆದುಕೊಂಡು ಹೊರಟುಬಿಡುತ್ತೇನೆ, ಆಮೇಲೆ ಯಾರೂ ಕರೆಯಬಾರದು.

ಪಂದ್ಯ ಯಲಹಂಕದಲ್ಲಿ. ಮೇಲೆ ತರಬೇತಿ ವಿಮಾನಗಳ ಸದ್ದು, ಕೆಳಗೆ ಮಕ್ಕಳ ಕೂಗು, ಕಾಂಪೌಂಡಿನ ಗೋಡೆಯ ಮೇಲೆ ಸಾಲಾಗಿ ಹುಡುಗರು. ಕೃಷ್ಣಪ್ಪ ಬೇವಿನ ಮರದ ಕೆಳಗೆ ಕಾರಿನ ಕೀ ಕೈಯಲ್ಲಿ ಹಿಡಿದೇ ನಿಂತಿದ್ದ. ಫೈನಲ್‌ವರೆಗೂ ಬಂದೆವು. ಎದುರಿಗಿದ್ದದ್ದು ಯಶವಂತಪುರದ ಕಡೆಯ ಒಂದು ಶಾಲೆ. ಅವರ ಮಾಸ್ತರು ಆ ವರ್ಷವೇ ಕೆಲಸಕ್ಕೆ ಸೇರಿದ ಹುಡುಗ. ಅವರ ಮಕ್ಕಳು ಬಿಳಿ ಚಡ್ಡಿ ತೊಟ್ಟಿದ್ದರು.

ಖೋಖೋ ಗೊತ್ತಿಲ್ಲದವರಿಗೆ ಇಷ್ಟು ಸಾಕು: ನಮ್ಮ ಎಂಟು ಜನ ಸಾಲಾಗಿ ಕೂತಿರುತ್ತಾರೆ, ಒಬ್ಬಳು ಅಟ್ಟಿಸಿಕೊಂಡು ಹೋಗುತ್ತಾಳೆ, ಎದುರಿನವರು ತಪ್ಪಿಸಿಕೊಳ್ಳಬೇಕು, ಮುಟ್ಟಿಸಿಕೊಂಡರೆ ಔಟು. ಕೊನೆಯ ಸರದಿ, ಅಟ್ಟುತ್ತಿದ್ದವರು ನಾವು. ಅಂಕ ಸಮ. ಒಬ್ಬಳು ಔಟಾದರೆ ಗೆಲುವು ನಮ್ಮದು, ಸಮಯ ಮುಗಿದರೆ ಅವರು ಮೊದಲಿನ ಸರದಿಯ ಲೆಕ್ಕದಲ್ಲಿ ಗೆಲ್ಲುತ್ತಿದ್ದರು. ಉಳಿದಿದ್ದವಳು ಒಬ್ಬಳೇ, ಸಣಕಲು ಹುಡುಗಿ, ಹಾವಿನಂತೆ ನುಸುಳುತ್ತಿದ್ದಳು. ಹೇಮಾ ಅವಳನ್ನು ಕಂಬದ ಕಡೆ ಅಟ್ಟಿದಳು. ಇದ್ದಕ್ಕಿದ್ದಂತೆ ಆ ಹುಡುಗಿ ನಿಂತುಬಿಟ್ಟಳು. ಗೋಡೆಯ ಮೇಲಿನಿಂದ ಯಾರೋ ಏನೋ ಕೂಗಿದರು, ಒಂದಿಷ್ಟು ನಗು. ಅವಳು ಕೈ ಹಿಂದೆ ಮಾಡಿ ತಡವಿಕೊಂಡಳು, ಕೈ ನೋಡಿಕೊಂಡಳು, ಅಂಕಣದ ನಡುವೆಯೇ ಮುದುರಿ ಕೂತಳು. ಬಿಳಿ ಬಟ್ಟೆಯ ಮೇಲೆ ಕೆಂಪು ಎಲ್ಲರಿಗೂ ಕಾಣುತ್ತಿತ್ತು. ಅವರ ಮಾಸ್ತರು ಮುಂದೆ ಬರಲೂ ಆಗದೆ ಹಿಂದೆ ಹೋಗಲೂ ಆಗದೆ ಗೆರೆಯ ಮೇಲೆ ನಿಂತುಬಿಟ್ಟ.

ಹೇಮಾ ಅವಳಿಂದ ಒಂದು ತೋಳಿನ ದೂರದಲ್ಲಿದ್ದಳು. ಬೆರಳು ತಾಗಿಸಿದರೆ ಕಪ್ಪು ನಮ್ಮದು.

ಅವಳು ತಾಗಿಸಲಿಲ್ಲ. ಓಡುತ್ತಿದ್ದ ವೇಗಕ್ಕೆ ತಡೆ ಹಾಕಿ ನಿಂತು, ಆ ಹುಡುಗಿಗೆ ಬೆನ್ನು ಮಾಡಿ ಗೋಡೆಯ ಕಡೆ ತಿರುಗಿ, ಎರಡೂ ಕೈ ಅಗಲಿಸಿದಳು. "ರೇಣುಕಕ್ಕ" ಎಂದು ಕೂಗಿದಳು. ರೇಣುಕಾ ತನ್ನ ಚೌಕದಿಂದ ಎದ್ದಳು. ಅವಳ ಹಿಂದೆ ಉಳಿದ ಏಳು ಜನ ಎದ್ದರು. ಆಟದ ನಡುವೆ ಹಾಗೆ ಏಳುವುದು ನಿಯಮಕ್ಕೆ ವಿರುದ್ಧ ಅನ್ನುವುದು ಅವರೆಲ್ಲರಿಗೂ ಗೊತ್ತು. ನಾನು ಎಣಿಸುವಷ್ಟರಲ್ಲಿ ವೃತ್ತ ಕಟ್ಟಿಯಾಗಿತ್ತು. ಒಂಬತ್ತು ಜನ, ಭುಜಕ್ಕೆ ಭುಜ ತಾಗಿಸಿ, ಹೊರಮುಖವಾಗಿ. ಚೀಲ ಅಂಚಿನಿಂದ ಒಳಗೆ ಹೋಯಿತು. ದುಪ್ಪಟ್ಟಾ ಮೇಲೇರಿ ಪರದೆಯಾಯಿತು. ಆ ಒಂಬತ್ತು ಮುಖಗಳು ಗೋಡೆಯ ಮೇಲಿದ್ದವರನ್ನು ನೋಡುತ್ತಿದ್ದವು. ಕೋಪವಿಲ್ಲ, ಬೈಗುಳವಿಲ್ಲ, ಸುಮ್ಮನೆ ನೋಟ. ನಗು ನಿಂತಿತು. ಒಬ್ಬೊಬ್ಬನಾಗಿ ಗೋಡೆಯ ಆಚೆಗೆ ಧುಮುಕಿದರು. ಈ ಮಕ್ಕಳಿಗೆ ನಾನು ಮಾಸ್ತರು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಾಯಿತು.

ಅಂಪೈರ್ ಗಡಿಯಾರ ನಿಲ್ಲಿಸಿದ್ದರು. ನಿಯಮದ ಮಾತು ಯಾರೂ ಎತ್ತಲಿಲ್ಲ. ವೃತ್ತ ಬಿಚ್ಚಿಕೊಂಡಾಗ ಆ ಹುಡುಗಿ ನಮ್ಮ ಕಪ್ಪು ಚಡ್ಡಿ ತೊಟ್ಟು ನಿಂತಿದ್ದಳು. ಆಡುತ್ತೀಯಾ ಎಂದು ಅಂಪೈರ್ ಕೇಳಿದರು. ಅವಳು ಮೂಗು ಒರೆಸಿಕೊಂಡು ಹೂಂ ಎಂದಳು. ನಮ್ಮವರು ಹೋಗಿ ತಮ್ಮ ತಮ್ಮ ಚೌಕದಲ್ಲಿ ಕೂತರು. ಸೀಟಿ ಆಯಿತು.

ಉಳಿದ ಆ ಸ್ವಲ್ಪ ಹೊತ್ತಿನಲ್ಲಿ ನಮ್ಮವರು ಅವಳ ಮೇಲೆ ಕರುಣೆ ತೋರಿಸಿದರು ಎಂದು ಯಾರೂ ತಿಳಿಯಬಾರದು. ಹೇಮಾ ಬಿಟ್ಟ ಬಾಣದಂತೆ ಅಟ್ಟಿದಳು, ರೇಣುಕಾ ನೆಲಕ್ಕೆ ಮೈ ಚೆಲ್ಲಿ ಹಾರಿದಳು. ಆ ಸಣಕಲು ಹುಡುಗಿ ಒಬ್ಬರಿಗೂ ಸಿಗಲಿಲ್ಲ. ಅಂಥ ಓಟವನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ನಾವು ಸೋತೆವು.

ಸೋತ ಮಕ್ಕಳನ್ನು ಕೃಷ್ಣಪ್ಪ ಹಳೇ ಯಲಹಂಕದ ಒಂದು ದರ್ಶಿನಿಗೆ ಕರೆದುಕೊಂಡು ಹೋದ. ನಮ್ಮ ಮಕ್ಕಳು ಮಸಾಲೆದೋಸೆ ಮುರಿಯುತ್ತ ಜಗಳಕ್ಕೆ ಬಿದ್ದರು. ಯಾರು ಖೋ ಕೊಡಲು ತಡ ಮಾಡಿದ್ದು, ಯಾರು ಕಂಬದ ಹತ್ತಿರ ತಪ್ಪು ಕಡೆ ತಿರುಗಿದ್ದು ಅನ್ನೋದೇ ಮಾತು. ಆ ವೃತ್ತದ ಸುದ್ದಿಯನ್ನು ಒಬ್ಬಳೂ ಎತ್ತಲಿಲ್ಲ. ದೊಡ್ಡದೇನೋ ಮಾಡಿದ್ದೇವೆ ಅನ್ನುವುದೇ ಅವರಿಗೆ ತಿಳಿದಿರಲಿಲ್ಲ. ನಾನು ಒಬ್ಬೊಬ್ಬಳ ಮುಖವನ್ನೂ ಹೊಸದಾಗಿ ನೋಡುವಂತೆ ನೋಡುತ್ತಿದ್ದೆ.

ಕೃಷ್ಣಪ್ಪ ಏನೂ ತಿನ್ನುತ್ತಿರಲಿಲ್ಲ. ಎತ್ತರದ ಮೇಜಿಗೆ ಮೊಣಕೈ ಊರಿ ಮಗಳನ್ನೇ ನೋಡುತ್ತ ನಿಂತಿದ್ದ.

"ಏಮಾ," ಎಂದ. "ಆ ಮಗೀಗೆ ನೋವೂ ಇರ್ತದಾ ಆವಾಗ?"

ಹೇಮಾ ತಲೆಯೆತ್ತಿ, ಇರುತ್ತಪ್ಪ ಎಂದಳು.

"ನಿಂಗೂವಾ?"

"ಹೂಂ."

"ಎಲ್ಲಿ?"

ಜಗಳವಾಡುತ್ತಿದ್ದ ಹುಡುಗಿಯರೆಲ್ಲ ಅವನ ಕಡೆ ತಿರುಗಿದರು. ಹೆಂಡತಿಯಿದ್ದಾಳೆ, ತಾಯಿಯಿದ್ದಾಳೆ, ಮಗಳಿದ್ದಾಳೆ, ಈ ಪ್ರಶ್ನೆಯನ್ನು ಆ ಮನುಷ್ಯ ಯಾರನ್ನೂ ಕೇಳಿರಲಿಲ್ಲ ಅನ್ನುವುದು ಅವನ ದನಿಯಲ್ಲೇ ತಿಳಿಯುತ್ತಿತ್ತು. ಹೇಮಾ ಕೈ ಒರೆಸಿಕೊಂಡು ಕಿಬ್ಬೊಟ್ಟೆ ತೋರಿಸಿದಳು, ಆಮೇಲೆ ಸೊಂಟ. ಮೊದಲನೇ ದಿನ ಇಲ್ಲಿ, ಎರಡನೇ ದಿನ ಇಲ್ಲಿ, ಒಂದೊಂದು ಸಲ ತೊಡೆಯೂ ಸೆಳೆಯುತ್ತೆ ಎಂದಳು. ಕೃಷ್ಣಪ್ಪ ಕಾರಿನ ಕೀಯನ್ನು ಮೇಜಿನ ಮೇಲಿಟ್ಟ.

"ಇನ್ನೂ ಏನೇನಾಗ್ತದೋ ಎಲ್ಲಾ ಏಳವ್ವ, ಕೇಳ್ತೀನಿ," ಎಂದ.

ಹೇಮಾ ಹೇಳತೊಡಗಿದಳು. ತಪ್ಪಿದಲ್ಲಿ ರೇಣುಕಾ ತಿದ್ದಿದಳು, ಬಿಟ್ಟದ್ದನ್ನು ಉಳಿದವರು ಸೇರಿಸಿದರು. ಗಂಡಸರು ನಾವಿಬ್ಬರೂ ಮೇಜಿನ ಈ ಕಡೆ, ಮುಂದಿದ್ದ ದೋಸೆ ಆರಿಹೋಗುವುದನ್ನೂ ಮರೆತು, ಕೇಳುತ್ತ ನಿಂತೆವು.